ಕಿಟಕಿಯಲ್ಲಿ ಫೋನು, ಬೋಗುಣಿಯಲ್ಲಿ ಅವರೆಕಾಳು

(ಹಾಸನದಲ್ಲಿ ತಂದೆತಾಯಂದಿರು ಮತ್ತು ಅಂಗನವಾಡಿ ಕಾರ್ಯಕರ್ತೆಯರು ಸೇರಿದ್ದ ಸಭೆಯೊಂದರಲ್ಲಿ ವಾಕ್ ಚಿಕಿತ್ಸಕಿಯೊಬ್ಬರು ಆಡಿದ ಮಾತುಗಳ ಬರಹ ರೂಪ)

ಮೊದಲು ನಿಮ್ಮನ್ನು ಒಂದು ಅಡುಗೆಮನೆಗೆ ಕರೆದುಕೊಂಡು ಹೋಗುತ್ತೇನೆ. ಸಕಲೇಶಪುರದಿಂದ ಇನ್ನೂ ಒಳಗೆ, ಕಾಫಿ ತೋಟದ ನಡುವಿನ ಮನೆ. ಡಿಸೆಂಬರ್ ತಿಂಗಳು. ಆ ಮನೆಯಲ್ಲಿ ಫೋನಿಗೆ ಸಿಗ್ನಲ್ ಸಿಗುವುದು ಎರಡೇ ಕಡೆ. ಒಂದು ಜಗಲಿಯ ತುದಿ, ಇನ್ನೊಂದು ಅಡುಗೆಮನೆಯ ಕಿಟಕಿ. ಜಗಲಿಯಲ್ಲಿ ಚಳಿ. ಹಾಗಾಗಿ ಅಮ್ಮ ಫೋನನ್ನು ಕಿಟಕಿಯಲ್ಲಿ ಸಕ್ಕರೆ ಡಬ್ಬಿಗೆ ಒರಗಿಸಿಟ್ಟಿದ್ದಾರೆ. ನಾನು ಇಲ್ಲಿ ಹಾಸನದಲ್ಲಿ ನನ್ನ ಮೇಜಿನ ಮುಂದೆ ಕೂತಿದ್ದೇನೆ. ನನಗೆ ಕಾಣುತ್ತಿರುವುದು ಒಂದು ಸ್ಟೀಲ್ ಬೋಗುಣಿ, ಅದರ ತುಂಬ ರಾತ್ರಿ ನೆನೆಸಿಟ್ಟ ಅವರೆಕಾಳು, ಅಮ್ಮನ ಕೈ, ಮತ್ತು ಎರಡೂವರೆ ವರ್ಷದ ಒಬ್ಬ ಹುಡುಗನ ತಲೆ. ಅವನನ್ನು ಪುಟ್ಟ ಅನ್ನೋಣ. ಆ ಹೊತ್ತಿಗೆ ಪುಟ್ಟ ಒಂದೂ ಮಾತು ಆಡುತ್ತಿರಲಿಲ್ಲ. ಕಿವಿ ಪರೀಕ್ಷೆ ಆಗಿತ್ತು, ಕಿವಿ ಚೆನ್ನಾಗಿತ್ತು.

ಅವತ್ತು ಮನೆಯಲ್ಲಿ ಹಿತಕಿದ ಬೇಳೆ ಸಾರು. ನೆನೆದ ಕಾಳನ್ನು ಎರಡು ಬೆರಳಲ್ಲಿ ಹಿಸುಕಿದರೆ ಬೇಳೆ ಪುಳಕ್ಕನೆ ಆಚೆ ಹಾರುತ್ತದೆ. ಅಮ್ಮ ಹಿಸುಕಿದರು, ಬೇಳೆ ತಟ್ಟೆಗೆ ಹಾರಿತು, ಪುಟ್ಟ ನಕ್ಕ. ಇನ್ನೊಂದು ಹಿಸುಕಿದರು, ಮತ್ತೆ ನಕ್ಕ. ಐದು ಕಾಳು ಹೀಗೇ ಆಯಿತು. ನಾನು ಫೋನಿನಿಂದ ಹೇಳಿದೆ, "ಆರನೆಯದನ್ನು ಹಿಸುಕಬೇಡಿ. ಬೆರಳಲ್ಲಿ ಹಿಡಿದುಕೊಂಡು ಅವನ ಮುಖ ನೋಡಿ. ಏನೂ ಹೇಳಬೇಡಿ."

ಅಮ್ಮ ಹಿಡಿದುಕೊಂಡರು. ಮೂರು ಸೆಕೆಂಡ್ ಆಗುವಷ್ಟರಲ್ಲಿ ಅವರ ತುಟಿ ಅಲುಗಿತು, "ಏನು ಬೇಕು ಹೇಳು ಕಂದ" ಅನ್ನೋದಕ್ಕೆ. ನಾನು ಕೈ ಎತ್ತಿ ಬೇಡ ಎಂದೆ. ಮನಸ್ಸಲ್ಲೇ ಎಣಿಸುತ್ತಿದ್ದೆ. ಐದು. ಆರು. ಪುಟ್ಟ ಅಮ್ಮನ ಬೆರಳು ನೋಡಿದ. ಎಂಟಕ್ಕೆ ಅಮ್ಮನ ಮುಖ ನೋಡಿದ. ಆಮೇಲೆ ಅವರ ಕೈಯನ್ನು ತಳ್ಳಿದ. ಹನ್ನೊಂದಕ್ಕೆ ಎರಡೂ ತುಟಿ ಸೇರಿಸಿ ಗಾಳಿ ಬಿಟ್ಟ. "ಪು."

ಅಮ್ಮ ಹಿಸುಕಿದರು. ಬೇಳೆ ಹಾರಿತು. ಆಮೇಲೆ ಆ ಬೋಗುಣಿ ಮುಗಿಯುವವರೆಗೆ ಅವನು ಒಂಬತ್ತು ಸಲ "ಪು" ಎಂದ. ನಾನು ಎಣಿಸಿ ಬರೆದುಕೊಂಡಿದ್ದೇನೆ.

"ಅದೊಂದು ಮಾತಾ ಮೇಡಂ?" ಎಂದು ಹಿಂದಿನಿಂದ ಅವನ ಅಜ್ಜಿ ಕೇಳಿದರು. ಹೌದು ಅಜ್ಜಿ, ನನ್ನ ಲೆಕ್ಕದಲ್ಲಿ ಅದು ಮಾತೇ. ಪ್ರತಿ ಸಲ ಅದೇ ದನಿ, ಪ್ರತಿ ಸಲ ಅದೇ ಅರ್ಥ, ಮತ್ತು ಇನ್ನೊಬ್ಬರ ಮುಖ ನೋಡಿ ಅವರಿಗೇ ಅಂತ ಆಡಿದ್ದು. ಈ ಮೂರು ಇದ್ದರೆ ಮಾತು. ನಿಘಂಟಿನಲ್ಲಿ ಇರಬೇಕಾಗಿಲ್ಲ.

ಒಂದು ಸಣ್ಣ ಕೆಲಸ ಮಾಡೋಣ. ನಾವೆಲ್ಲ ಹತ್ತು ಸೆಕೆಂಡ್ ಸುಮ್ನೆ ಕೂರೋಣ. ನಾನು ಗಡಿಯಾರ ನೋಡುತ್ತೇನೆ.

ಆಯಿತು. ಎಷ್ಟು ಉದ್ದ ಅನ್ನಿಸಿತು ಅಲ್ವಾ? ಇಬ್ಬರು ಕೆಮ್ಮಿದರು, ಒಬ್ಬರು ಸೆರಗು ಸರಿಮಾಡಿಕೊಂಡರು. ದೊಡ್ಡವರಿಗೇ ಸುಮ್ಮನಿರುವುದು ಇಷ್ಟು ಕಷ್ಟ. ಆದರೆ ಮಾತು ತಡವಾದ ಮಗುವಿಗೆ ಆ ಹತ್ತು ಸೆಕೆಂಡ್ ಬೇಕು. ಏನು ಬೇಕು ಅಂತ ತಿಳಿಯಬೇಕು, ಯಾರನ್ನು ಕೇಳಬೇಕು ಅಂತ ನೋಡಬೇಕು, ಬಾಯಿ ಜೋಡಿಸಬೇಕು. ನಾವು ಮೂರನೇ ಸೆಕೆಂಡಿಗೇ ಅದರ ಮಾತನ್ನು ನಾವೇ ಆಡಿಬಿಡುತ್ತೇವೆ. ಪ್ರೀತಿಯಿಂದಲೇ ಆಡುತ್ತೇವೆ. ಆದರೂ ಅದರ ಸರದಿ ಹೋಯಿತು.

ಆನ್‌ಲೈನ್ ವಾಕ್ ಚಿಕಿತ್ಸೆ ಅಂದ ಕೂಡಲೇ ಜನ ಕೇಳುವ ಮೊದಲ ಪ್ರಶ್ನೆ, "ಮೊಬೈಲ್‌ನಿಂದಲೇ ಮಗು ಮಾತು ಕಲೀತಿಲ್ಲ ಅಂತೀರಿ, ಮತ್ತೆ ಮೊಬೈಲ್‌ನಲ್ಲೇ ಮಾತು ಕಲಿಸ್ತೀನಿ ಅಂತೀರಿ, ಇದೇನು?" ನ್ಯಾಯವಾದ ಪ್ರಶ್ನೆ. ಇದಕ್ಕೆ ಉತ್ತರ ನನಗೂ ಮೊದಲಿಗೆ ಗೊತ್ತಿರಲಿಲ್ಲ. ತಪ್ಪು ಮಾಡಿ ಕಲಿತೆ. ಅದನ್ನು ಹೇಳಿಬಿಡುತ್ತೇನೆ.

2020ರ ಮಾರ್ಚ್ 25ಕ್ಕೆ ದೇಶವೇ ಬಾಗಿಲು ಹಾಕಿತು. ವಾರವಾರ ನನ್ನ ಹತ್ತಿರ ಬರುತ್ತಿದ್ದ ಮಕ್ಕಳು ನಿಂತುಹೋದರು. ಸ್ವಲ್ಪ ದಿನ ಕಾದು, ಆಮೇಲೆ ವಿಡಿಯೋ ಕಾಲ್ ಶುರು ಮಾಡಿದೆ. ರಾತ್ರಿ ಕೂತು ಬಣ್ಣಬಣ್ಣದ ಚಿತ್ರ ಮಾಡುತ್ತಿದ್ದೆ. ಒತ್ತಿದರೆ ಹಸು ಅಂಬಾ ಅನ್ನುತ್ತದೆ, ಒತ್ತಿದರೆ ಬಲೂನು ಒಡೆಯುತ್ತದೆ. ಅರಸೀಕೆರೆ ಕಡೆಯ ಮೂರು ವರ್ಷದ ಒಂದು ಹುಡುಗಿ 40 ನಿಮಿಷ ಕಣ್ಣು ಮಿಟುಕಿಸದೆ ನೋಡುತ್ತಿದ್ದಳು. ನನಗೂ ಖುಷಿ, ಮನೆಯವರಿಗೂ ಖುಷಿ. ಆರು ವಾರದಲ್ಲಿ ಇಪ್ಪತ್ತು ಚಿತ್ರದ ಹೆಸರು ಹೇಳಿದಳು. ಆಪಲ್, ಬಾಲ್, ಎಲಿಫೆಂಟ್. ಆಮೇಲೆ ಒಂದು ದಿನ ಕರೆ ಮುಗಿದ ಮೇಲೆ ಅವರು ಫೋನ್ ಆಫ್ ಮಾಡುವುದನ್ನು ಮರೆತರು. ಹುಡುಗಿಗೆ ಬಾಯಾರಿಕೆ. ಅಮ್ಮನ ಸೀರೆ ಹಿಡಿದು ಎಳೆದಳು, ಅತ್ತಳು, ನೆಲಕ್ಕೆ ಬಿದ್ದಳು. "ನೀರು" ಅನ್ನಲಿಲ್ಲ. ಎಲಿಫೆಂಟ್ ಅನ್ನುವ ಮಗುವಿಗೆ ನೀರು ಅನ್ನಲು ಬರಲಿಲ್ಲ.

ನನಗೆ ಹೊಟ್ಟೆಯಲ್ಲಿ ಸಂಕಟವಾಯಿತು. ಆ ಮನೆಯ ಆರು ವಾರವನ್ನು ನಾನು ತೆರೆಯ ಮೇಲಿನ ಚಿತ್ರಕ್ಕೆ ಕೊಟ್ಟಿದ್ದೆ. ಮಾರನೇ ದಿನ ಅಮ್ಮನಿಗೆ ಫೋನ್ ಮಾಡಿ ಇದ್ದದ್ದನ್ನು ಇದ್ದಹಾಗೆ ಹೇಳಿದೆ. ನಾನು ದಾರಿ ತಪ್ಪಿದೆ, ಇನ್ನು ಮೇಲೆ ಬೇರೆ ರೀತಿ ಮಾಡೋಣ, ಫೋನು ನಿಮಗೆ, ಆಟ ಮಗುವಿಗೆ ಎಂದೆ. ಅವತ್ತಿನಿಂದ ನನ್ನ ಕೆಲಸ ಮಗುವಿಗೆ ಪಾಠ ಮಾಡುವುದಲ್ಲ. ಮಗುವಿನ ಜೊತೆ ಆಡುತ್ತಿರುವ ದೊಡ್ಡವರ ಕಿವಿಯಲ್ಲಿ, ಆಟದ ನಡುವೆ, ಒಂದೊಂದು ಮಾತು ಹೇಳುವುದು. "ಈಗ ಕಾಯಿರಿ." "ಈಗ ಅವನು ನೋಡಿದ್ದರ ಹೆಸರು ಹೇಳಿ." "ಕೇಳಬೇಡಿ, ಹೇಳಿ." ಅಷ್ಟೇ.

ಇದು ಬರೀ ನನ್ನ ಅನುಭವ ಅಂದುಕೊಳ್ಳಬೇಡಿ. ಅಮೆರಿಕದ ಸಿಯಾಟಲ್‌ನಲ್ಲಿ ಪೆಟ್ರೀಶಿಯಾ ಕೂಲ್ ಎಂಬ ವಿಜ್ಞಾನಿ ಇದ್ದಾರೆ. ಅವರ ತಂಡದ ಒಂದು ಅಧ್ಯಯನ 2003ರಲ್ಲಿ ಪ್ರಕಟವಾಯಿತು. ಇಂಗ್ಲಿಷ್ ಮನೆಗಳ 9 ತಿಂಗಳ ಕೂಸುಗಳು. ಚೀನಾದ ಮ್ಯಾಂಡರಿನ್ ಭಾಷೆಯವರು ಬಂದು ಆ ಕೂಸುಗಳ ಜೊತೆ 12 ಸಲ ಕೂತು ಆಡಿದರು, ಪುಸ್ತಕ ಓದಿದರು. ಇನ್ನು ಕೆಲವು ಕೂಸುಗಳಿಗೆ ಅದೇ ಜನರನ್ನು ಟಿವಿಯಲ್ಲಿ ತೋರಿಸಿದರು. ಕೊನೆಗೆ ಪರೀಕ್ಷೆ ಮಾಡಿದರೆ, ಮನುಷ್ಯರ ಜೊತೆ ಆಡಿದ ಕೂಸುಗಳು ಆ ಭಾಷೆಯ ದನಿಗಳನ್ನು ಗುರುತಿಸುತ್ತಿದ್ದವು. ಟಿವಿ ನೋಡಿದವಕ್ಕೆ ಏನೂ ಬಂದಿರಲಿಲ್ಲ.

ಇನ್ನೊಂದು ಅಧ್ಯಯನ 2014ರದ್ದು, ಸಾರಾ ರೋಸ್‌ಬೆರಿ ಮತ್ತು ಜೊತೆಗಾರರದ್ದು. 24ರಿಂದ 30 ತಿಂಗಳ ಮಕ್ಕಳಿಗೆ ಹೊಸ ಕ್ರಿಯಾಪದ ಕಲಿಸಿದರು. ಕೆಲವರಿಗೆ ಎದುರು ಕೂತು, ಕೆಲವರಿಗೆ ವಿಡಿಯೋ ಕಾಲ್‌ನಲ್ಲಿ, ಕೆಲವರಿಗೆ ಮೊದಲೇ ರೆಕಾರ್ಡ್ ಮಾಡಿದ ವಿಡಿಯೋದಲ್ಲಿ. ಎದುರು ಕೂತವರಿಂದ ಕಲಿತರು. ವಿಡಿಯೋ ಕಾಲ್‌ನಲ್ಲೂ ಕಲಿತರು. ರೆಕಾರ್ಡ್ ಮಾಡಿದ್ದರಿಂದ ಕಲಿಯಲಿಲ್ಲ. ತೆರೆ ಅದೇ, ಗಾಜು ಅದೇ. ಆದರೆ ಕಾಲ್‌ನಲ್ಲಿರುವವರು ಮಗು ನಕ್ಕರೆ ನಗುತ್ತಾರೆ, ಮಗು ತಿರುಗಿದರೆ ಕರೆಯುತ್ತಾರೆ, ಮಗು ಏನೋ ಅಂದರೆ ಅದಕ್ಕೆ ಉತ್ತರ ಕೊಡುತ್ತಾರೆ. ಯೂಟ್ಯೂಬ್‌ನ ಕಾರ್ಟೂನು ಕೊಡುವುದಿಲ್ಲ. ನಿಮ್ಮ ಮಗು ಅಳುತ್ತಿದ್ದರೂ ಅದು ಹಾಡುತ್ತಲೇ ಇರುತ್ತದೆ.

ಮಕ್ಕಳ ವೈದ್ಯರ ಸಂಘವಾದ ಭಾರತೀಯ ಮಕ್ಕಳ ವೈದ್ಯಕೀಯ ಅಕಾಡೆಮಿ ಕೂಡ ತನ್ನ ಸಲಹೆಯಲ್ಲಿ ಎರಡು ವರ್ಷದ ಒಳಗಿನ ಮಕ್ಕಳಿಗೆ ಪರದೆ ಬೇಡವೇ ಬೇಡ ಎಂದು ಹೇಳಿ, ಒಂದೇ ಒಂದು ವಿನಾಯಿತಿ ಇಟ್ಟಿದೆ. ಆಗೊಮ್ಮೆ ಈಗೊಮ್ಮೆ ನೆಂಟರ ಜೊತೆ ವಿಡಿಯೋ ಕಾಲ್. ಎರಡರಿಂದ ಐದು ವರ್ಷದವರಿಗೆ ದಿನಕ್ಕೆ ಹೆಚ್ಚೆಂದರೆ ಒಂದು ಗಂಟೆ. ಊಟ ಮಾಡಿಸುವಾಗ ಮೊಬೈಲ್ ಕೊಡುವವರು ಇಲ್ಲಿ ಎಷ್ಟು ಜನ ಇದ್ದೀರಿ ಅಂತ ನಾನು ಕೈ ಎತ್ತಿಸುವುದಿಲ್ಲ. ಒಬ್ಬರೇ ಮನೆ ನೋಡಿಕೊಂಡು, ಹಾಲು ಕರೆದು, ತೋಟಕ್ಕೆ ಹೋಗುವ ಹೆಂಗಸಿಗೆ ಆ ಹತ್ತು ನಿಮಿಷ ಎಷ್ಟು ಮುಖ್ಯ ಅಂತ ನನಗೆ ಗೊತ್ತು. ಊಟದ ಹೊತ್ತು ಮಾತ್ರ ಬಿಡಿಸಿ ಅಂತ ಕೇಳಿಕೊಳ್ಳುತ್ತೇನೆ. ಯಾಕೆಂದರೆ ಇಡೀ ದಿನದಲ್ಲಿ ಮಗು ಏನಾದರೂ ಕೇಳಲೇಬೇಕಾದ ಹೊತ್ತು ಅದು. ಇನ್ನೂ, ಸಾಕು, ಬೇಡ, ಖಾರ, ನೀರು, ಹಪ್ಪಳ. ಎಷ್ಟು ಮಾತು ಆ ತಟ್ಟೆಯ ಸುತ್ತಲೇ ಇದೆ ನೋಡಿ.

ಹಾಗಾದರೆ ಆನ್‌ಲೈನ್ ಯಾಕೆ, ಎದುರಿಗೇ ಬರಬಹುದಲ್ಲ? ಬರುವುದಾದರೆ ಬನ್ನಿ. ಆದರೆ ನಮ್ಮ ಜಿಲ್ಲೆಯ ದಾರಿ ನಿಮಗೆ ಗೊತ್ತು. ಈ ವಿಷಯದಲ್ಲಿ ದೇಶಕ್ಕೇ ಹೆಸರಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಮೈಸೂರಿನ ಮಾನಸಗಂಗೋತ್ರಿಯಲ್ಲಿದೆ. 1960ರ ದಶಕದಿಂದ ಕೆಲಸ ಮಾಡುತ್ತಿದೆ. ನಮ್ಮ ಭಾಗ್ಯ, ಅದು ನಮಗೆ ಹತ್ತಿರ. ಹತ್ತಿರ ಅಂದರೂ ಹಾಸನದಿಂದ ಸುಮಾರು 120 ಕಿಲೋಮೀಟರ್. ಮೂಡಿಗೆರೆ, ಕೊಪ್ಪದವರಿಗೆ ಇನ್ನೂ ದೂರ. ಒಂದು ಸಲ ಪರೀಕ್ಷೆಗೆ ಹೋಗಿ ಬರಬಹುದು. ವಾರವಾರ ಹೋಗುವುದು ಹೇಗೆ? ನಸುಕಿನ ಬಸ್ಸು, ಮಗು ವಾಂತಿ ಮಾಡಿಕೊಳ್ಳುತ್ತದೆ, ಒಂದು ದಿನದ ಕೂಲಿ ಹೋಗುತ್ತದೆ. ಅಲ್ಲಿ ತಲುಪುವ ಹೊತ್ತಿಗೆ ಮಗುವಿಗೆ ನಿದ್ದೆ. ಮೂರು ಸಲ ಹೋಗಿ ನಾಲ್ಕನೇ ಸಲ ನಿಲ್ಲಿಸಿದವರನ್ನು ನಾನು ಬಹಳ ನೋಡಿದ್ದೇನೆ. ಅವರನ್ನು ದೂರುವ ಹಾಗಿಲ್ಲ.

ಇನ್ನೊಂದು ಕಾರಣ ನನಗೆ ಇದಕ್ಕಿಂತ ದೊಡ್ಡದು. ನನ್ನ ಕೋಣೆಯಲ್ಲಿ ಮಗು ಬ್ಲಾಕ್ ಜೋಡಿಸುತ್ತಾ ಕಲಿತ ಮಾತು ಮನೆಗೆ ಹೋಗುವಷ್ಟರಲ್ಲಿ ಉಳಿಯುವುದು ಕಷ್ಟ. ಮನೆಯಲ್ಲಿ ಆ ಬ್ಲಾಕೇ ಇರುವುದಿಲ್ಲ. ಅಡುಗೆಮನೆಯಲ್ಲಿ ಕಲಿತ ಮಾತಿಗೆ ಅಡುಗೆಮನೆ ದಿನಾ ಸಿಗುತ್ತದೆ. ವಾರಕ್ಕೆ 10,080 ನಿಮಿಷ. ಅದರಲ್ಲಿ ನಾನು ಸಿಗುವುದು 40 ನಿಮಿಷ. ಉಳಿದದ್ದೆಲ್ಲ ನಿಮ್ಮದು. ಮೇಗನ್ ರಾಬರ್ಟ್ಸ್ ಮತ್ತು ಆ್ಯನ್ ಕೈಸರ್ ಎಂಬ ಸಂಶೋಧಕರು 2011ರಲ್ಲಿ 18 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ತಂದೆತಾಯಿಗೆ ಕಲಿಸಿಕೊಟ್ಟು ಅವರಿಂದಲೇ ಮಾಡಿಸಿದರೆ ಮಕ್ಕಳ ಭಾಷೆಗೆ ನಿಜವಾಗಿ ಅನುಕೂಲವಾಗುತ್ತದೆ ಎಂದು ಕಂಡಿತು.

ಈಗ ಆಟದ ವಿಷಯ. ನನಗೆ ಇದರ ಬಗ್ಗೆ ಎಷ್ಟು ಹೇಳಿದರೂ ಸಾಲದು.

ಆಟಿಕೆ ಕೊಳ್ಳಬೇಡಿ. ಮನೆಯಲ್ಲಿ ನಾಲ್ಕು ಕುರ್ಚಿ ಇದ್ದರೆ ಬಸ್ಸಾಯಿತು. ಬೇಲೂರು ರಸ್ತೆಯ ಒಂದು ಮನೆಯ ಹುಡುಗನಿಗೆ ಬಸ್ಸು ಅಂದರೆ ಪ್ರಾಣ. ಕುರ್ಚಿ ಸಾಲಾಗಿ ಇಟ್ಟೆವು. ಅಜ್ಜ ಡ್ರೈವರ್, ಅಕ್ಕ ಪ್ರಯಾಣಿಕಳು, ಅವನೇ ಕಂಡಕ್ಟರ್. ಅಜ್ಜನಿಗೆ ನಾನು ಹೇಳಿದ್ದು ಒಂದೇ ನಿಯಮ, ಕಂಡಕ್ಟರ್ "ರೈಟ್" ಅನ್ನದೆ ಬಸ್ಸು ಹೊರಡುವ ಹಾಗಿಲ್ಲ. ಮೊದಲ ವಾರ ಅವನು ಕುರ್ಚಿ ತಟ್ಟಿದ. ತಟ್ಟಿದ್ದನ್ನೂ ಮಾತು ಅಂತಲೇ ತಗೊಂಡು ಅಜ್ಜ ಬುರ್ ಅಂತ ಹೊರಡಿಸಿದರು. ಎರಡನೇ ವಾರ "ಐತ್" ಎಂದ. ಆಮೇಲೆ "ಓಲ್ಡಾ" ಬಂತು, ಹೋಲ್ಡಾನ್‌ಗೆ. ಒಂದು ದಿನ ನಾನು ಕರೆ ಮಾಡಿದಾಗ ಅವನು ಕುರ್ಚಿಯ ಮೇಲೆ ನಿಂತು ಕೂಗುತ್ತಿದ್ದ, "ಬೇಲೂಲು ಬೇಲೂಲು ಬೇಲೂಲು." ನಮ್ಮ ಬಸ್ ಸ್ಟ್ಯಾಂಡಿನಲ್ಲಿ ಕಂಡಕ್ಟರ್‌ಗಳು ಕೂಗುವ ಅದೇ ರಾಗ. ಮೂರು ಅಕ್ಷರದ ಅವನ ಮೊದಲ ಮಾತು ಅದು.

ಅಕ್ಕ ಕೂಡಲೇ, "ಬೇಲೂಲು ಅಲ್ಲ ಕಣೋ, ಬೇಲೂರು, ರು, ರು ಅನ್ನು" ಎಂದಳು. ಹುಡುಗ ಬಾಯಿ ಮುಚ್ಚಿಕೊಂಡ. ಮುಂದಿನ ಹತ್ತು ನಿಮಿಷ ಬಸ್ಸು ಹೊರಡಲಿಲ್ಲ.

ಇದನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ಪ, ಬ, ಮ ತುಟಿಯಲ್ಲಿ ಹುಟ್ಟುವ ದನಿಗಳು, ಮಗುವಿಗೆ ಬೇಗ ಬರುತ್ತವೆ. ರ, ಳ, ಣ, ಷ ತಡವಾಗಿ ಬರುತ್ತವೆ. ಮೂರು ವರ್ಷದ ಮಗು ರವೆಯನ್ನು ಲವೆ ಅಂದರೆ, ಕೋಳಿಯನ್ನು ಕೋಲಿ ಅಂದರೆ ಗಾಬರಿ ಬೇಡ. ಕಾಯಿ ಅನ್ನಲು ಹೋಗಿ ತಾಯಿ ಅನ್ನುವ ಮಕ್ಕಳೂ ಬಹಳ. ತಿದ್ದಬೇಡಿ. ನೀವು ಸರಿಯಾಗಿ ಒಂದು ಸಲ ಹೇಳಿ ಮುಂದೆ ಹೋಗಿ. ಮಗು "ಕೋಲಿ ಬಂತು" ಅಂದರೆ ನೀವು "ಹೌದು, ಕೋಳಿ ಬಂತು, ದೊಡ್ಡ ಕೋಳಿ" ಅನ್ನಿ. ಅದರ ಮಾತು ಸರಿಯಾಗಿ ಕೇಳಿಸಿತು, ನಮಗೆ ಅರ್ಥವಾಯಿತು ಅಂತ ಗೊತ್ತಾದರೆ ಇನ್ನೊಂದು ಮಾತು ಬರುತ್ತದೆ. ಇಷ್ಟು ಸಾಕು.

ದೋಸೆ ಹುಯ್ಯುವಾಗ ಕಾವಲಿ ಚುಂಯ್ ಅನ್ನುತ್ತದೆ. ಮಗುವನ್ನು ದೂರ ಕೂರಿಸಿ, ಸೌಟು ಎತ್ತಿ ಹಿಡಿದು ಕಾಯಿರಿ, "ಚುಂಯ್" ಅಂದ ಮೇಲೆ ಹುಯ್ಯಿ. ಸ್ನಾನದ ಚೊಂಬು ಎತ್ತಿ ಹಿಡಿಯಿರಿ. ಬಾಗಿಲ ಹಿಂದೆ ಅಡಗಿ "ಕೂ" ಅನ್ನಿ. ಬಟ್ಟೆ ಮಡಚುವಾಗ ಅಪ್ಪನ ಅಂಗಿಯನ್ನು ಮಗುವಿಗೆ ಹಾಕಿ, "ಇದು ಪುಟ್ಟಂದಾ?" ಅಂತ ತಪ್ಪು ಹೇಳಿ. ಮಕ್ಕಳಿಗೆ ದೊಡ್ಡವರ ತಪ್ಪು ಹಿಡಿಯುವುದು ಬಹಳ ಇಷ್ಟ. "ಅಪ್ಪಂದು" ಅಂತ ಬರುತ್ತದೆ. ಆ "ದು" ಇದೆಯಲ್ಲ, ಅದು ವ್ಯಾಕರಣ. ಪುಸ್ತಕವಿಲ್ಲದೆ ಬಂದ ವ್ಯಾಕರಣ.

ಇಲ್ಲಿ ಸ್ವಲ್ಪ ಪಕ್ಕಕ್ಕೆ ಹೋಗುತ್ತೇನೆ. ಮಗುವಿಗೆ ಎಷ್ಟು ಮಾತು ಬಂದಿರಬೇಕು ಅಂತ ಒಂದು ಅಂದಾಜು ಇದೆ. ವರ್ಷದ ಹೊತ್ತಿಗೆ ಒಂದೋ ಎರಡೋ ಮಾತು, ಬೆರಳು ಮಾಡಿ ತೋರಿಸುವುದು. ಎರಡು ವರ್ಷಕ್ಕೆ ಸುಮಾರು 50 ಮಾತು, ಮತ್ತು ಎರಡು ಮಾತು ಸೇರಿಸಿ ಆಡುವುದು. ಮೂರಕ್ಕೆ ಹೊರಗಿನವರಿಗೂ ಬಹುಪಾಲು ಅರ್ಥವಾಗುವಂತೆ ಮಾತು. ಒಂದೆರಡು ತಿಂಗಳು ಹಿಂದೆ ಮುಂದೆ ಇರುತ್ತದೆ. ಆದರೆ ಈ ಲೆಕ್ಕಗಳು ಹೆಚ್ಚಾಗಿ ಇಂಗ್ಲಿಷ್ ಮಕ್ಕಳನ್ನು ನೋಡಿ ಬಂದವು. ನಮ್ಮ ಭಾಷೆಯಲ್ಲಿ ಮಗು "ಕೊಡಲ್ಲ" ಅಂದರೆ ಒಂದೇ ಮಾತು ಅಂತ ಎಣಿಸಬೇಕಾ? ಅದರಲ್ಲಿ ಕೊಡು ಇದೆ, ಇಲ್ಲ ಇದೆ, ನಾನು ಅನ್ನುವುದು ಬಾಯಿಗೆ ಬಾರದೆಯೂ ಇದೆ. ಇಂಗ್ಲಿಷಿನಲ್ಲಿ ಅದಕ್ಕೆ ಮೂರು ನಾಲ್ಕು ಪದ ಬೇಕು. ಬಂತು, ಬರ್ತೀನಿ, ಬರಲ್ಲ, ಬಾ. ನಾಲ್ಕೂ ಬೇರೆ ಬೇರೆ ಕಲಿಕೆ. ಅದಕ್ಕೇ ನಾನು ತಾಯಂದಿರಿಗೆ ಪದ ಎಣಿಸಿ ಅನ್ನುವುದಕ್ಕಿಂತ, ಅವನು ಆಡಿದ್ದನ್ನು ಆಡಿದ ಹಾಗೇ ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ ಅನ್ನುತ್ತೇನೆ. ಕ್ಯಾಲೆಂಡರಿನ ಹಿಂದೆ ಬರೆದವರೂ ಇದ್ದಾರೆ.

ಇಲ್ಲಿ ಕೂತಿರುವ ಅಜ್ಜಿಯರಿಗೆ ಒಂದು ಮಾತು. ಮಮ್ಮು, ತಾಚಿ, ಬೌಬೌ, ಅಂಬಾ. ಈ ಪುಟ್ಟ ಮಾತುಗಳನ್ನು ಆಡಬೇಡಿ, ಮಗು ಕೆಡುತ್ತದೆ ಅಂತ ಯಾರೋ ನಿಮಗೆ ಹೇಳಿರುತ್ತಾರೆ. ಆಡಿ. ಚೆನ್ನಾಗಿ ಆಡಿ. ತುಟಿಯ ದನಿ, ಸಣ್ಣ ಮಾತು, ಒಂದೇ ಅಕ್ಷರ ಎರಡು ಸಲ. ಕಲಿಯುವ ಬಾಯಿಗೆ ಇದಕ್ಕಿಂತ ಸುಲಭವಾದದ್ದು ಇಲ್ಲ. ಜೊತೆಗೆ ದೊಡ್ಡವರ ಮಾತನ್ನೂ ಸೇರಿಸಿ. "ಮಮ್ಮು ಬೇಕಾ? ಅನ್ನ ಬೇಕಾ?" ಮಗು ತನಗೆ ಬೇಕಾದಾಗ ಮಮ್ಮುವಿನಿಂದ ಅನ್ನಕ್ಕೆ ದಾಟುತ್ತದೆ.

ಆಲೂರು ಕಡೆಯ ಒಂದು ಮನೆ. ಆಟದ ನಡುವೆ ಅಪ್ಪ ಓಡಿ ಬಂದರು, "ಆನೆ ತೋಟಕ್ಕೆ ಇಳಿದಿದೆ, ಯಾರೂ ಹೊರಗೆ ಬರಬೇಡಿ." ಅವತ್ತಿನ ಕರೆ ಅಲ್ಲಿಗೇ ನಿಂತಿತು. ನಾವು ಆ ವಾರ ಇಟ್ಟುಕೊಂಡಿದ್ದು ಚೆಂಡಿನ ಆಟ. ಮುಂದಿನ ವಾರ ಚೆಂಡನ್ನು ಮುಟ್ಟುವವರೇ ಇಲ್ಲ. ಮಗಳು ದಿಂಬಿನ ಕೆಳಗೆ ನುಗ್ಗಿ "ಆನೆ" ಅನ್ನುತ್ತಿದ್ದಾಳೆ. ನಾನು ಚೆಂಡು ಬಿಟ್ಟುಬಿಡಿ ಎಂದೆ. ಅಪ್ಪನೇ ಆನೆಯಾದರು. ಕಂಬಳಿ ಹೊದ್ದು ಬಂದರು, ನಿಂತರು, ಹೋದರು. ಎರಡು ವಾರದಲ್ಲಿ ಅವಳು "ಆನೆ ಓತು" ಎಂದಳು. ಎರಡು ಮಾತು ಸೇರಿತು. ಮನೆಯವರೆಲ್ಲ ಏನನ್ನು ಉಸಿರು ಬಿಗಿಹಿಡಿದು ಮಾತಾಡುತ್ತಾರೋ ಅದರ ಮಾತು ಮಗುವಿಗೆ ಬೇಗ ಅಂಟುತ್ತದೆ. ನಾನು ಮಾಡಿಟ್ಟ ಪಟ್ಟಿ ಅದರ ಮುಂದೆ ನಿಲ್ಲುವುದಿಲ್ಲ.

ಭಾಷೆಯ ವಿಷಯಕ್ಕೆ ಬರುತ್ತೇನೆ. ಸಕಲೇಶಪುರ, ಮೂಡಿಗೆರೆ ಕಡೆ ಒಂದೇ ಮನೆಯಲ್ಲಿ ತುಳು, ಕನ್ನಡ ಎರಡೂ. ಕೊಂಕಣಿ, ಬ್ಯಾರಿ, ಉರ್ದು, ಎಸ್ಟೇಟ್ ಲೈನುಗಳಲ್ಲಿ ತಮಿಳು. ಮಗು ಮಾತಾಡದಿದ್ದರೆ ಕೂಡಲೇ ಸಿಗುವ ಸಲಹೆ, "ಒಂದೇ ಭಾಷೆ ಆಡಿ. ಇಂಗ್ಲಿಷ್ ಆಡಿ, ಹೇಗೂ ಸ್ಕೂಲಿಗೆ ಬೇಕು." ಎರಡು ಭಾಷೆ ಇರುವುದರಿಂದ ಮಾತು ತಡವಾಗುವುದಿಲ್ಲ. ಎಣಿಸುವಾಗ ಎರಡೂ ಭಾಷೆಯ ಮಾತು ಸೇರಿಸಿ ಎಣಿಸಿ, ಅಷ್ಟೇ. ನಿಮಗೆ ಮುದ್ದು ಮಾಡಲು, ಬೈಯಲು, ಕಥೆ ಹೇಳಲು ಯಾವ ಭಾಷೆ ತಾನಾಗಿ ಬರುತ್ತದೋ ಆ ಭಾಷೆಯಲ್ಲಿ ಆಡಿ. ಬಾರದ ಇಂಗ್ಲಿಷಿನಲ್ಲಿ "ಕಮ್, ಸಿಟ್, ಈಟ್" ಅಂತ ಮೂರು ಮಾತಿಗೆ ನಿಲ್ಲುವ ಅಮ್ಮನನ್ನು ನೋಡಿದರೆ ನನಗೆ ಬಹಳ ಬೇಸರವಾಗುತ್ತದೆ. ಆ ಅಮ್ಮನ ಹತ್ತಿರ ಕೊಡಲು ಒಂದು ಇಡೀ ಭಾಷೆ ಇರುತ್ತದೆ.

ಈಗ ಸ್ವಲ್ಪ ಗಟ್ಟಿಯಾಗಿ ಹೇಳಬೇಕಾದ್ದು. "ಅವರಪ್ಪನೂ ನಾಲ್ಕು ವರ್ಷಕ್ಕೆ ಮಾತಾಡಿದ್ದು, ಕಾಯಿರಿ." "ನಾಲಿಗೆಗೆ ಬಜೆ ತೇಯ್ದು ಹಚ್ಚಿ." "ಗಂಡು ಮಕ್ಕಳು ತಡವೇ." ಹೀಗೆ ಕಾದು ಕಾದು ನಾಲ್ಕು ವರ್ಷಕ್ಕೆ ಬಂದ ಮಗುವಿನ ಕಿವಿ ಪರೀಕ್ಷೆ ಮಾಡಿದರೆ ಕಿವಿಯೇ ಸರಿ ಕೇಳಿಸುತ್ತಿರಲಿಲ್ಲ ಅಂತ ಆಗಿದ್ದು ಇದೆ. ಮಾತು ತಡವಾದ ಪ್ರತಿ ಮಗುವಿಗೂ ಮೊದಲು ಕಿವಿ ಪರೀಕ್ಷೆ. ಆಟ ಆಮೇಲೆ, ಆನ್‌ಲೈನ್ ಆಮೇಲೆ. "ಬಾಗಿಲು ಬಡಿದರೆ ತಿರುಗುತ್ತಾನೆ ಮೇಡಂ" ಅನ್ನುತ್ತಾರೆ. ಬಾಗಿಲಿನ ಸದ್ದು ದಪ್ಪ. ಸ, ಶ, ಚ ಇಂಥ ದನಿಗಳು ತೆಳು. ದಪ್ಪ ಸದ್ದು ಕೇಳಿ ತೆಳು ದನಿ ಕೇಳದ ಕಿವಿಗಳಿವೆ. ಅಂಥ ಮಗುವಿಗೆ ನಮ್ಮ ಮಾತು ಅರ್ಧಂಬರ್ಧ ತಲುಪುತ್ತದೆ. ಓಎಇ, ಬೆರಾ ಅನ್ನುವ ಪರೀಕ್ಷೆಗಳಿವೆ. ಬೆರಾ ಮಾಡುವಾಗ ಮಗು ಮಲಗಿರುತ್ತದೆ. ಹಣೆಗೆ, ಕಿವಿಯ ಹತ್ತಿರ ಸಣ್ಣ ತಂತಿ ಅಂಟಿಸಿ, ಸದ್ದಿಗೆ ನರ ಉತ್ತರ ಕೊಡುತ್ತದೆಯೋ ಇಲ್ಲವೋ ನೋಡುತ್ತಾರೆ. ನೋವಿಲ್ಲ. ಇದನ್ನು ಎದುರಿಗೇ ಹೋಗಿ ಮಾಡಿಸಬೇಕು, ಫೋನಿನಲ್ಲಿ ಆಗುವುದಿಲ್ಲ. ಮತ್ತೆ, ಸೋರುವ ಕಿವಿಗೆ ಬಿಸಿ ಎಣ್ಣೆ ಬಿಡಬೇಡಿ.

ಆಡುತ್ತಿದ್ದ ಮಾತು ನಿಂತುಹೋದರೆ ಒಂದು ವಾರವೂ ಕಾಯಬೇಡಿ, ಮಕ್ಕಳ ಡಾಕ್ಟರಿಗೆ ತೋರಿಸಿ. ಹೆಸರು ಕರೆದರೆ ತಿರುಗದಿದ್ದರೆ, ಒಂದೂವರೆ ವರ್ಷವಾದರೂ ಬೆರಳು ಮಾಡಿ ತೋರಿಸದಿದ್ದರೆ, ಅದೂ ಎದುರಿಗೇ ನೋಡಬೇಕಾದ್ದು. ನುಂಗಲು ಕಷ್ಟವಿರುವ ಮಕ್ಕಳು, ಫಿಟ್ಸ್ ಬರುವ ಮಕ್ಕಳು, ಇವರನ್ನು ಮೊದಲೇ ಫೋನಿನಲ್ಲಿ ತೆಗೆದುಕೊಳ್ಳಲು ನಾನು ಒಪ್ಪುವುದಿಲ್ಲ.

ಅಂಗನವಾಡಿ ಅಕ್ಕಂದಿರಿಗೆ ಗೊತ್ತಿರುತ್ತದೆ, ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರಿಂದ ಇದೆ. ಅದರ ತಂಡ ವರ್ಷಕ್ಕೆ ಎರಡು ಸಲ ಅಂಗನವಾಡಿಗೆ ಬರಬೇಕು. ಅವರು ನೋಡುವ ತೊಂದರೆಗಳಲ್ಲಿ ಕಿವಿ ಮತ್ತು ಮಾತು ಎರಡೂ ಇವೆ. ತಂಡ ಬಂದ ದಿನ ನಿಮ್ಮ ಮನಸ್ಸಲ್ಲಿರುವ ಮಗುವಿನ ಹೆಸರು ಹೇಳಿ. ದಿನಾ ಗಂಟೆಗಟ್ಟಲೆ ಆ ಮಗುವನ್ನು ನೋಡುವವರು ನೀವು. ತಂಡಕ್ಕೆ ಸಿಗುವುದು ಕೆಲವೇ ನಿಮಿಷ.

ಆನ್‌ಲೈನ್‌ನಲ್ಲಿ ಯಾರನ್ನು ನಂಬಬೇಕು? ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಸಂಖ್ಯೆ ಕೇಳಿ. 1992ರ ಕಾಯ್ದೆಯ ಪ್ರಕಾರ ವಾಕ್ ಚಿಕಿತ್ಸಕರಿಗೆ ಅದು ಇರಲೇಬೇಕು. ಕೇಳಿದರೆ ಬೇಜಾರಾಗುವವರ ಹತ್ತಿರ ಹೋಗಬೇಡಿ. 30 ದಿನದಲ್ಲಿ ಮಾತು ಬರಿಸುತ್ತೇವೆ ಅನ್ನುವ ಆ್ಯಪಿಗೆ ದುಡ್ಡು ಕಟ್ಟಬೇಡಿ. ಮತ್ತೆ, 40 ನಿಮಿಷ ಮಗುವನ್ನು ಫೋನಿನ ಮುಂದೆ ಕೂರಿಸಿ ನಿಮ್ಮನ್ನು ಆಚೆ ಕಳಿಸುವವರಿದ್ದರೆ, ಯಾಕೆ ಅಂತ ಕೇಳಿ. ನಾನೂ ಒಂದು ಕಾಲದಲ್ಲಿ ಹಾಗೆ ಮಾಡಿದ್ದೆ, ಅದಕ್ಕೇ ಹೇಳುತ್ತಿದ್ದೇನೆ.

ಹಿಂದಿನ ಸಾಲಿನ ಅಮ್ಮ ಒಂದು ಪ್ರಶ್ನೆ ಕೇಳಿದರು. ಮನೆಯಲ್ಲಿ ಇರುವುದು ಒಂದೇ ಸ್ಮಾರ್ಟ್‌ಫೋನ್, ಅದು ಗಂಡನ ಹತ್ತಿರ, ಅವರು ಬರುವುದು ರಾತ್ರಿ ಎಂಟಕ್ಕೆ, ನಾವು ಹೇಗೆ ಮಾಡೋದು ಅಂತ.

ಇದೇ ತೊಂದರೆ ಇದ್ದ ಒಂದು ಮನೆಯನ್ನು ನಾನು ರಾತ್ರಿ ಎಂಟೂವರೆಗೆ ಇಟ್ಟುಕೊಂಡಿದ್ದೆ. ಅಪ್ಪ ಟಿಪ್ಪರ್ ಓಡಿಸುತ್ತಿದ್ದರು. ಬಂದು ಕೈಕಾಲು ತೊಳೆದು, ಫೋನನ್ನು ಅಕ್ಕಿ ಡಬ್ಬಿಗೆ ಒರಗಿಸಿ, ಅವರೂ ಕೂತುಬಿಟ್ಟರು. ಅಮ್ಮನಿಗೆ ಕಲಿಸಬೇಕು ಅಂತಿದ್ದ ನಾನು ಅಪ್ಪನಿಗೆ ಕಲಿಸಿದೆ. ಮಗಳನ್ನು ಬೆನ್ನ ಮೇಲೆ ಕೂರಿಸಿಕೊಂಡು ನಾಲ್ಕು ಕಾಲಲ್ಲಿ ಹೋಗುವುದು, ನಡುವೆ ನಿಂತುಬಿಡುವುದು, ಅವಳು "ಓಗು" ಅನ್ನುವವರೆಗೂ ಕಾಯುವುದು. ಇಡೀ ದಿನ ದುಡಿದು ಬಂದ ಮನುಷ್ಯ, ಮಂಡಿಯೂರಿ, ತಲೆ ತಗ್ಗಿಸಿ, ಹದಿನೈದು ಸೆಕೆಂಡ್ ಬೇಕಾದರೂ ಕಾಯುತ್ತಿದ್ದರು. ಅಷ್ಟು ಚೆನ್ನಾಗಿ ಕಾದವರನ್ನು ನಾನು ಕಡಿಮೆ ನೋಡಿದ್ದೇನೆ. ಸಿಗ್ನಲ್ ಹೋದ ದಿನ ಬರೀ ದನಿಯ ಕರೆಯಲ್ಲಿ ಮಾತಾಡುತ್ತಿದ್ದೆವು. ಆ ವಾರ ಏನಾಯಿತು ಅಂತ ಅವರು ಹೇಳುತ್ತಿದ್ದರು, ಮುಂದೆ ಏನು ಮಾಡಬೇಕು ಅಂತ ನಾನು ಹೇಳುತ್ತಿದ್ದೆ. ಅದಕ್ಕೆ ಬಟನ್ ಫೋನೂ ಸಾಕು.

ಮೊದಲು ಮಗುವಿನ ಕಿವಿ ಪರೀಕ್ಷೆ ಮಾಡಿಸಿ, ಆ ಚೀಟಿ ಇಟ್ಟುಕೊಂಡಿರಿ. ಆಮೇಲೆ ಫೋನು ಮನೆಗೆ ಎಷ್ಟು ಹೊತ್ತಿಗೆ ಬರುತ್ತದೆ ಅಂತ ಹೇಳಿ. ಆ ಹೊತ್ತಿಗೇ ಇಟ್ಟುಕೊಳ್ಳೋಣ.